ಐರ್ಲೆಂಡಿನ ಸಿಕ್ ಪೇ: ಹತ್ತು ದಿನ ಅಂತ ನಂಬಿಕೊಂಡು ಬರಬೇಡಿ

ನಮಸ್ಕಾರ. ಡಬ್ಲಿನ್‌ನ ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಸಿಕ್ಕಿದೆ, ಹುಷಾರು ತಪ್ಪಿದರೆ ವರ್ಷಕ್ಕೆ 10 ದಿನ ಮಾಲೀಕರೇ ಸಂಬಳ ಕೊಡಬೇಕೆಂದು ಕಾನೂನಿದೆಯಂತೆ, ನಿಜವಾ ಎಂದು ಕೇಳಿದ್ದೀರಿ. ಅರ್ಧ ನಿಜ.

2022ರ ಸಿಕ್ ಲೀವ್ ಆ್ಯಕ್ಟ್ ಬರುವ ತನಕ ಇಲ್ಲಿ ಮಾಲೀಕರು ಸಿಕ್ ಪೇ ಕೊಡಲೇಬೇಕೆಂಬ ಕಾನೂನೇ ಇರಲಿಲ್ಲ. ಆಗಿನ ಉಪಪ್ರಧಾನಿ ಲಿಯೊ ವರಾಡ್ಕರ್ 2021ರಲ್ಲಿ ಪ್ರಕಟಿಸಿದ ಯೋಜನೆ ಹೀಗಿತ್ತು: ಮೊದಲ ವರ್ಷ 3 ದಿನ, ಆಮೇಲೆ 5, 7, ಕೊನೆಗೆ 10. 2023ರ ಜನವರಿ 1ರಿಂದ 3 ದಿನ ಬಂತು, 2024ಕ್ಕೆ 5 ಆಯಿತು. ಅಷ್ಟರಲ್ಲಿ ಖರ್ಚು ತಡೆಯಲಾಗದು ಎಂದು ಉದ್ಯಮಿಗಳು ಗಟ್ಟಿಯಾಗಿ ಕೂಗೆಬ್ಬಿಸಿದರು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಐದಕ್ಕೇ ನಿಲ್ಲಿಸಿತು. ಹಳೆಯ ಲೇಖನ ಓದಿದವರು ಇವತ್ತಿಗೂ 10 ಅಂತಲೇ ಹೇಳುತ್ತಾರೆ.

ಆ ಐದು ದಿನಕ್ಕೂ ಪೂರ್ತಿ ಸಂಬಳವಿಲ್ಲ. ದಿನದ ಸಂಬಳದ ಶೇ 70, ಅದೂ ದಿನಕ್ಕೆ 110 ಯೂರೋ ಮೀರುವಂತಿಲ್ಲ. ದಿನಕ್ಕೆ 200 ಯೂರೋ ದುಡಿಯುವ ಐಟಿಯವರಿಗೂ 110 ಅಷ್ಟೇ. ಅದರ ಮೇಲೆ ತೆರಿಗೆಯೂ ಬೀಳುತ್ತದೆ. ಊರಿನ ಇಎಸ್‌ಐನಲ್ಲೂ ಶೇ 70 ಕೊಡುತ್ತಾರೆ, ಆದರೆ ಅಲ್ಲಿ ಹಣ ಇಎಸ್‌ಐ ನಿಧಿಯಿಂದ ಬರುತ್ತದೆ, 91 ದಿನದವರೆಗೂ ಸಿಗುತ್ತದೆ. ಇಲ್ಲಿ ಮಾಲೀಕರ ಜೇಬಿನಿಂದಲೇ ಹೋಗಬೇಕು. ಎಳೆದಾಟಕ್ಕೆಲ್ಲ ಅದೇ ಮೂಲ.

ಐದು ದಿನ ಒಟ್ಟಿಗೇ ತಗೊಳ್ಳಬೇಕೆಂದಿಲ್ಲ, ಬಿಡಿಬಿಡಿಯಾಗಿಯೂ ಆಗುತ್ತದೆ. ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ, ಉಳಿದದ್ದು ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಮೊದಲ ದಿನದಿಂದಲೇ ದುಡ್ಡು ಸಿಗುತ್ತದೆ, ಆದರೆ ಮೊದಲ ದಿನದಿಂದಲೇ ಡಾಕ್ಟರ ಸರ್ಟಿಫಿಕೇಟೂ ಬೇಕು. ಪೆಟ್ಟು ಬೀಳುವುದು ಅಲ್ಲೇ. ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಒಂದು ಸಲ ಹೋದರೆ 50ರಿಂದ 70 ಯೂರೋ. ಗಂಟೆಗೆ 15 ಯೂರೋದಂತೆ ಎಂಟು ಗಂಟೆಯ ಪಾಳಿ ಅಂದರೆ 120, ಅದರ ಶೇ 70 ಅಂದರೆ 84. ಜಿಪಿಗೆ 60 ಕೊಟ್ಟರೆ ಕೈಯಲ್ಲಿ ಉಳಿಯುವುದು 24, ಅದೂ ತೆರಿಗೆಗೆ ಮುಂಚೆ. ಒಂದು ದಿನದ ಜ್ವರಕ್ಕೆ ಸರ್ಟಿಫಿಕೇಟ್ ತರುವುದು ಲಾಭವಲ್ಲ. ಮೂರ್ನಾಲ್ಕು ದಿನ ಮಲಗುವ ಹಾಗಿದ್ದರೆ ಒಂದೇ ಸರ್ಟಿಫಿಕೇಟಿನಲ್ಲಿ ಅಷ್ಟೂ ದಿನ ಬರೆಸಿಕೊಳ್ಳಿ. ಕೆಲವು ಕಡೆ ಒಂದೆರಡು ದಿನಕ್ಕೆ ಸರ್ಟಿಫಿಕೇಟ್ ಕೇಳುವುದಿಲ್ಲ, ಸೇರುವಾಗಲೇ ವಿಚಾರಿಸಿ.

ಹೊಸದಾಗಿ ಬಂದವರಿಗೆ ಇದಕ್ಕಿಂತ ದೊಡ್ಡ ಹಳ್ಳ ಬೇರೆ ಇದೆ. ಅದೇ ಮಾಲೀಕರ ಬಳಿ 13 ವಾರ ಬಿಡದೆ ಕೆಲಸ ಮಾಡಿರದಿದ್ದರೆ ಈ ಐದು ದಿನವೂ ಇಲ್ಲ. ಐದು ದಿನ ಮುಗಿದ ಮೇಲೆ ಸರ್ಕಾರದ ಇಲ್‌ನೆಸ್ ಬೆನಿಫಿಟ್ ಇದೆಯಲ್ಲ ಅಂದುಕೊಳ್ಳುತ್ತಾರೆ. ಅದಕ್ಕೆ ಬೇರೆ ಷರತ್ತುಗಳ ಜೊತೆ ಕನಿಷ್ಠ 104 ವಾರ ಪಿಆರ್‌ಎಸ್‌ಐ (ಸಂಬಳದಿಂದ ಕಟ್ಟುವ ಇಲ್ಲಿನ ಸಾಮಾಜಿಕ ವಿಮೆಯ ಕಂತು) ಕಟ್ಟಿರಬೇಕು, ಅಂದರೆ ಎರಡು ವರ್ಷದ ದುಡಿಮೆ. ಊರಿನ ಪಿಎಫ್, ಇಎಸ್‌ಐ ಕಂತು ಇದಕ್ಕೆ ಸೇರುವುದಿಲ್ಲ. ಹಾಗಾಗಿ ಮೊದಲ ಎರಡು ವರ್ಷ ಉದ್ದದ ಕಾಯಿಲೆ ಬಂದರೆ ನಿಮಗೆ ಮುಖ್ಯ ಆಸರೆ ಕಂಪನಿಯ ಸ್ವಂತ ಸಿಕ್ ಪೇ ಸ್ಕೀಮ್, ಅದೂ ಇದ್ದರೆ. ಬರುವಾಗ ಎರಡು ತಿಂಗಳ ಬಾಡಿಗೆಯಷ್ಟಾದರೂ ಕೈಯಲ್ಲಿಟ್ಟುಕೊಳ್ಳಿ ಅನ್ನುವುದು ಇದಕ್ಕೇ.

ಇಲ್ಲಿ ಕೆಲಸದ ಜಾಗ ನೋಡಿ ಅದೃಷ್ಟ. ಸರ್ಕಾರಿ ಎಚ್‌ಎಸ್‌ಇ ಆಸ್ಪತ್ರೆಯ ನರ್ಸ್‌ಗೆ ಒಂದು ವರ್ಷದ ಅವಧಿಯಲ್ಲಿ 92 ದಿನದವರೆಗೆ ಪೂರ್ತಿ ಸಂಬಳ, ಆಮೇಲೆ 91 ದಿನ ಅರ್ಧ ಸಂಬಳ ಸಿಗಬಹುದು, ಆದರೆ ನಾಲ್ಕು ವರ್ಷದಲ್ಲಿ ಎಲ್ಲ ಸೇರಿ 183 ದಿನ ಮೀರುವಂತಿಲ್ಲ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಎಷ್ಟೋ ಸಲ ಕಾನೂನಿನ ಐದೇ ದಿನ. ಆಫರ್ ಲೆಟರಿಗೆ ಸಹಿ ಹಾಕುವ ಮೊದಲು ಎಚ್‌ಆರ್‌ಗೆ ಮೇಲ್ ಮಾಡಿ: ನಿಮ್ಮದೇ ಸ್ಕೀಮ್ ಇದೆಯಾ, ಎಷ್ಟು ತಿಂಗಳ ಮೇಲೆ ಶುರು, ವೇಟಿಂಗ್ ಡೇಸ್ (ಶುರುವಿನ ಸಂಬಳವಿಲ್ಲದ ದಿನಗಳು) ಎಷ್ಟು? ಕೊನೆಯದನ್ನು ಮರೆಯಬೇಡಿ. ಒಟ್ಟಾರೆ ನೋಡಿದರೆ ಕಾನೂನಿಗಿಂತ ಉತ್ತಮವಾದ ಸ್ಕೀಮ್ ಇದ್ದರೆ ಆ ಐದು ದಿನದ ಬದಲು ಅದೇ ನಡೆಯುತ್ತದೆ. ಅದರಲ್ಲಿ ಮೊದಲ ಮೂರು ದಿನಕ್ಕೆ ಸಂಬಳ ಇಲ್ಲ ಎಂದಿದ್ದರೆ, ಸಣ್ಣಪುಟ್ಟ ಜ್ವರಕ್ಕೆ ನಿಮಗೆ ಏನೂ ಸಿಗದೆಯೂ ಹೋಗಬಹುದು.

ಪ್ರೊಬೇಷನ್‌ನಲ್ಲಿರುವಾಗ ಸಿಕ್ ಲೀವ್ ಹಾಕಿದರೆ ಆ ಅವಧಿಯನ್ನು ಅಷ್ಟು ದಿನ ತಡೆಹಿಡಿಯುವ ಅಧಿಕಾರ ಮಾಲೀಕರಿಗಿದೆ, ಗಾಬರಿಯಾಗಬೇಡಿ. ಆದರೆ ಸರ್ಟಿಫಿಕೇಟ್ ಕೊಟ್ಟ ದಿನಗಳನ್ನು ನಿಮ್ಮ ವಾರ್ಷಿಕ ರಜೆಯಲ್ಲಿ ಕಳೆಯುವಂತಿಲ್ಲ. ರಜೆ ಹಾಕಿ ಮನೆಯಲ್ಲಿದ್ದಾಗ ಕಾಯಿಲೆ ಬಿದ್ದು ಸರ್ಟಿಫಿಕೇಟ್ ತಂದರೆ ಆ ದಿನಗಳು ವಾಪಸ್ ಸಿಗಬೇಕು. ಪೇಸ್ಲಿಪ್‌ನಲ್ಲಿ ಇದನ್ನೇ ನೋಡಿ, ಎಷ್ಟೋ ಕಡೆ ತಪ್ಪಾಗುವುದು ಇಲ್ಲಿ.

ಕೊಡಬೇಕಾದದ್ದು ಕೊಡದಿದ್ದರೆ ಮೊದಲು ಮೇಲ್‌ನಲ್ಲಿ ಕೇಳಿ, ಬಾಯಿಮಾತು ಬೇಡ. ಬಗೆಹರಿಯದಿದ್ದರೆ ಕೆಲಸಗಾರರ ದೂರು ನೋಡುವ ಸರ್ಕಾರಿ ಸಂಸ್ಥೆ ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್‌ಗೆ ಆನ್‌ಲೈನ್ ದೂರು ಕೊಡಿ, 6 ತಿಂಗಳೊಳಗೆ. ಸಿಕ್ ಲೀವ್ ದಾಖಲೆಗಳನ್ನು ಮಾಲೀಕರು 4 ವರ್ಷ ಇಟ್ಟಿರಬೇಕು, ಆದರೂ ಸರ್ಟಿಫಿಕೇಟಿನ ಫೋಟೊ ನಿಮ್ಮ ಬಳಿಯೂ ಇರಲಿ. ವರ್ಕ್ ಪರ್ಮಿಟ್ ನವೀಕರಣದ ಹೊತ್ತಿಗೆ ಆ ತಿಂಗಳ ಸಂಬಳ ಯಾಕೆ ಕಡಿಮೆ ಬಂದಿದೆ ಎಂದು ಕೇಳಿದರೆ ತೋರಿಸಲು ಅದೇ ಬೇಕಾಗುತ್ತದೆ.