ಒಂದು ಹಂಗಾಮಿಗೆ ಎಷ್ಟು ಮೊಲ ಸಿಕ್ಕರೆ ಬೇಟೆಗೆ ಹೋಗಿದ್ದು ಸಾರ್ಥಕ?

ಮೂರು ತಿಂಗಳ ರವಿವಾರಗಳು, ಪೆಟ್ರೋಲ್ ಖರ್ಚು, ಮನೆಯಲ್ಲಿ ಬೈಗುಳ, ಕೊನೆಗೆ ಎರಡೇ ಮೊಲ. ಇಷ್ಟಕ್ಕಾಗಿ ಮುಧೋಳ ನಾಯಿ ಸಾಕಬೇಕಿತ್ತೇ, ಉಳಿದವರಿಗೆ ಎಷ್ಟು ಸಿಗುತ್ತವೆ ಅಂತ ಕೇಳಿದ್ದೀರಿ. ವಿಜಯಪುರದ ಕಡೆಯವರು ಅಂತಲೂ ಬರೆದಿದ್ದೀರಿ. ಹಾಗಿದ್ದರೆ ನೆಲ ನಮ್ಮದರಂಥದ್ದೇ, ಲೆಕ್ಕವೂ ಹಿಂದೆ ನಾನು ಹಾಕುತ್ತಿದ್ದಂಥದ್ದೇ. ನಾನು ಅದನ್ನು ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಿದ್ದೆ. ಮೊಲಕ್ಕೊಂದು ಗೆರೆ.

2006ರ ಯುಗಾದಿಗೆ ಇನ್ನೆರಡು ದಿನ ಇತ್ತು. ನಮ್ಮ ಗೋಡೆಯ ಮೇಲೆ ಹನ್ನೊಂದು ಗೆರೆ. ಕೆಳಗಿನ ಓಣಿಯ ಗೆಳೆಯನಿಗೆ ಹನ್ನೆರಡು ಸಿಕ್ಕಿದ್ದವು, ಚಹಾದಂಗಡಿಯಲ್ಲಿ ದಿನಾ ಅದನ್ನೇ ಹೇಳುತ್ತಿದ್ದ. ಹಬ್ಬದೊಳಗೆ ಒಂದಾದರೂ ಹಿಡಿದು ಸಮ ಮಾಡಬೇಕು, ಆದರೆ ಎರಡು ಹಿಡಿದು ಅವನ ಬಾಯಿ ಮುಚ್ಚಿಸಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಆಗ ನನಗೆ ಇಪ್ಪತ್ನಾಲ್ಕು ವರ್ಷ.

ನಮ್ಮದು ಮುಧೋಳ ತಾಲೂಕು, ಊರಿನ ಹೆಸರು ಬೇಡ. ನಮ್ಮಲ್ಲಿ ಈ ನಾಯಿಗೆ ಹಳಬರು ಈಗಲೂ 'ಬ್ಯಾಟಿ ನಾಯಿ', ಅಂದರೆ ಬೇಟೆ ನಾಯಿ, ಅಂತಲೇ ಅನ್ನುವುದು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ತಳಿ ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟಿದ್ದು, 2005ರಲ್ಲಿ ಅಂಚೆಚೀಟಿ ಬಂದಿದ್ದು, ಆಮೇಲೆ ಸೈನ್ಯಕ್ಕೂ ಸೇರಿದ್ದು, ಇವೆಲ್ಲ ನಾಯಿ ಮಾರುವವರು ನಿಮಗೆ ಆಗಲೇ ಹೇಳಿರುತ್ತಾರೆ. ಅವರು ಹೇಳಿರದ ಮಾತು ಒಂದಿದೆ. ಈ ನಾಯಿ ಮೂಗು ನಂಬಿ ಓಡುವ ಜಾತಿಯಲ್ಲ, ಕಣ್ಣು ನಂಬಿ ಓಡುತ್ತದೆ. ಒಮ್ಮೆ ಮೊಲ ಕಣ್ಣಿಗೆ ಬಿತ್ತೆಂದರೆ ಅದಕ್ಕೆ ಬೇರೇನೂ ಕಾಣುವುದಿಲ್ಲ, ನೀವು ಕೂಗಿದ್ದು ಕೇಳಿಸುವುದೂ ಇಲ್ಲ. ಹಿಂಗಾರಿ ಬಿಳಿಜೋಳ ಕಿತ್ತು, ಕಣಿಕಿ (ಜೋಳದ ದಂಟು) ಬಣವಿ ಒಟ್ಟಿದ ಮೇಲೆಯೇ ಬ್ಯಾಟಿ ಶುರುವಾಗುತ್ತಿದ್ದುದು ಇದೇ ಕಾರಣಕ್ಕೆ. ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಅಂಗೈಯಂತೆ ಬಯಲಾಗಬೇಕು, ನಾಯಿಗೆ ದೂರದ ತನಕ ಕಾಣಬೇಕು.

ನನ್ನ ನಾಯಿಯ ಹೆಸರು ಹೊನ್ನಿ. ಬಣ್ಣಕ್ಕೆ ಇಟ್ಟ ಹೆಸರು, ಮಾಗಿದ ಜೋಳದ ತೆನೆಯ ಬಣ್ಣ. ಸೋದರಮಾವನ ಮನೆಯಿಂದ ಟವೆಲ್ಲಿನಲ್ಲಿ ಸುತ್ತಿ ತಂದ ಮರಿ. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚುತ್ತಿತ್ತು. ನಾಲ್ಕೂ ಕಾಲು ನೆಲ ಬಿಟ್ಟಿರುವ ಆ ಒಂದು ಕ್ಷಣ ನೋಡಲಿಕ್ಕೆಂದೇ ನಮ್ಮ ಓಣಿಯ ಹುಡುಗರು ನನ್ನ ಹಿಂದೆ ಬರುತ್ತಿದ್ದರು.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಹಳ್ಳದ ಆಚೆ ಒಂದು ಐದೆಕರೆ ಹೊಲ. ಹಿಂದಿನ ವರ್ಷ ಅದರಲ್ಲಿ ಜೋಳ ಇತ್ತು, ಅಂಚಿಗೆ ನಾಲ್ಕು ಸಾಲು ಕುಸುಬಿ. ಅಲ್ಲಿ ಹೊನ್ನಿಯನ್ನು ಎಷ್ಟೋ ಸಲ ಓಡಿಸಿದ್ದೆ. ಯಾವ ಒಡ್ಡಿನ ಮಗ್ಗುಲಲ್ಲಿ ಕಲ್ಲಿದೆ, ಎಲ್ಲಿ ಎರಿ ಬಿರಿದಿರುತ್ತದೆ, ಎಲ್ಲಾ ಗೊತ್ತು ಅಂದುಕೊಂಡಿದ್ದೆ. ಆದರೆ ದೀಪಾವಳಿ ಹೊತ್ತಿಗೆ ಹೊಲದ ಯಜಮಾನ ಪಡುವಣದ ಅರ್ಧಕ್ಕೆ ದಾಳಿಂಬರಿ ಸಸಿ ಹಚ್ಚಿದ್ದ. ಸುತ್ತ ಜಾಲಿ ಗೂಟ ಹುಗಿದು ಮೂರು ಎಳೆ ಸಾದಾ ತಂತಿ ಬಿಗಿದಿದ್ದ. ಕೆಳಗಿನ ಎಳೆ ನೆಲದಿಂದ ಒಂದು ಗೇಣು. ಎರಡನೆಯದು ಎರಡೂವರೆ ಗೇಣು. ಮೂರನೆಯದು ನಮಗೆ ಬೇಡ. ಒಂದು ಗೇಣಿನಲ್ಲಿ ಮೊಲ ಆರಾಮ ನುಸುಳುತ್ತದೆ. ಎರಡೂವರೆ ಗೇಣು ಅಂದರೆ ಓಡುವ ಬ್ಯಾಟಿ ನಾಯಿಯ ಎದೆ.

ಹೊತ್ತು ಇಳಿದಿತ್ತು. ಒಡ್ಡಿನ ಬುಡದಿಂದ ಮೊಲ ಎದ್ದಿತು. ನಾನು 'ಛೂ' ಅಂದೆ. ಮೊಲ ಅಡ್ಡಾದಿಡ್ಡಿ ತಿರುಗುತ್ತದೆ ಅಂತ ಕಾದೆ, ಯಾವಾಗಲೂ ಹಾಗೇ ಮಾಡುತ್ತದೆ. ಇದು ತಿರುಗಲಿಲ್ಲ. ನೂಲು ಹಿಡಿದಂತೆ ನೇರ ಪಡುವಣಕ್ಕೆ ಓಡಿತು. ಏಕತಾರಿ ಮೀಟಿದ ಹಾಗೆ ಒಂದು ಸದ್ದು ಬಂತು, ಅಷ್ಟೇ. ಹೊನ್ನಿ ಕುಂಯ್ ಅನ್ನಲೂ ಇಲ್ಲ.

ಮೊದಲ ವರ್ಷ ಪೂರ್ತಿ ನಾನು ಸೂರ್ಯನನ್ನು ಬೈದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ತಂತಿ ಕಾಣಲಿಲ್ಲ ಅಂತ. ಆಮೇಲೆ ಯಜಮಾನನನ್ನು ಬೈದೆ, ಒಂದು ಮಾತು ಹೇಳಬಾರದಿತ್ತಾ ಅಂತ. ಕೇಳದೆ ಅವನ ಹೊಲಕ್ಕೆ ಹೊಕ್ಕವನು ನಾನು, ಅವನು ಯಾಕೆ ಹೇಳಬೇಕು? ಕೊನೆಗೆ ಒಪ್ಪಿಕೊಳ್ಳಲು ಕಷ್ಟವಾದದ್ದು ಬೇರೆ. ಆ ಗೂಟಗಳನ್ನು ನಾನು ನೋಡಿದ್ದೆ. ಮೇಲಿನ ರಸ್ತೆಯಿಂದ, ಮೋಟಾರ್ ಸೈಕಲ್ ಮೇಲಿಂದ, ನಾಲ್ಕು ತಿಂಗಳಲ್ಲಿ ಎಷ್ಟು ಸಲವೋ. ಗೂಟ ಇದ್ದಲ್ಲಿ ತಂತಿ ಇರುತ್ತದೆ ಅನ್ನುವುದು ತಲೆಗೆ ಬರಲಿಲ್ಲ, ಯಾಕಂದರೆ ನನ್ನ ತಲೆಯಲ್ಲಿ ಆ ಹೊಲ ಹೋದ ವರ್ಷದ್ದೇ ಇತ್ತು. ಒಂದೇ ಒಂದು ಸಲ ಗಾಡಿ ನಿಲ್ಲಿಸಿ ಇಳಿದು, ಬದುಗುಂಟ ನಡೆದಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ. ಮೊಲ ನಾಲ್ಕು ತಿಂಗಳಿನಿಂದ ಅಲ್ಲೇ ಬದುಕುತ್ತಿತ್ತು. ತಂತಿ ಎಲ್ಲಿದೆ, ಎಷ್ಟು ಎತ್ತರಕ್ಕಿದೆ ಅಂತ ಅದಕ್ಕೆ ಗೊತ್ತಿತ್ತು. ನೇರ ಓಡಿದ್ದು ಅದಕ್ಕೇ.

ಹೆಗಲ ಮೇಲೆ ಹೊತ್ತು ರಸ್ತೆಗೆ ತಂದೆ. ದನದ ದವಾಖಾನೆಯಲ್ಲಿ ಹತ್ತೊಂಬತ್ತು ಹೊಲಿಗೆ. "ಚರ್ಮ ಹೊಲೀಬಹುದು, ನರ ಹೊಲಿಯೋಕ ಬರಂಗಿಲ್ಲ" ಅಂದರು ಡಾಕ್ಟರ್. ಎಡ ಮುಂಗಾಲು ಜೋತುಬಿತ್ತು. ಮತ್ತೆ ಏಳು ವರ್ಷ ಬದುಕಿತು ಹೊನ್ನಿ, ಮೂರು ಕಾಲಿನ ಮೇಲೆ.

ರಾತ್ರಿ ಮನೆಗೆ ಬಂದಾಗ ಮುತ್ಯಾ, ನನ್ನ ಅಜ್ಜ, ಕಟ್ಟೆಯ ಮೇಲೆ ಕೂತಿದ್ದ. ಬೈಯಲಿಲ್ಲ.

"ಹೊಲಾ ನೋಡಿದ್ದೇನೋ ತಮ್ಮಾ?"

"ಹೋದ ವರ್ಷ ನೋಡಿದ್ನಿ ಮುತ್ಯಾ."

"ನಾಯಿ ಹೋದ ವರ್ಷದ ಹೊಲದಾಗ ಬಿಟ್ಟಿದ್ದೇನು?"

ಮುತ್ಯಾನ ಪದ್ಧತಿ ಬೇರೆಯೇ ಇತ್ತು. ಜೋಳ ಕಿತ್ತ ಮೇಲೆ ಹದಿನೈದು ದಿನ ನಾಯಿಯನ್ನು ಮನೆಯಲ್ಲೇ ಕಟ್ಟಿ ಬರಿಗೈಯಲ್ಲಿ ಹೊಲ ಹೊಲ ತಿರುಗುತ್ತಿದ್ದ. ವಯಸ್ಸಾದವರಿಗೆ ಹೊತ್ತು ಹೋಗಬೇಕಲ್ಲ, ಅದಕ್ಕೆ ಅಂತ ನಾನು ತಿಳಿದಿದ್ದೆ. ಅವನ ಕಾಲದಲ್ಲಿ ಒಂದು ಹಂಗಾಮಿಗೆ ಮನೆಗೆ ಬರುತ್ತಿದ್ದುದು ಮೂರೋ ನಾಲ್ಕೋ ಮೊಲ. ಆದರೂ 'ಈ ಸಲ ಬ್ಯಾಟಿ ಕೆಟ್ಟಿತು' ಅಂತ ಅವನ ಬಾಯಿಂದ ನಾನು ಕೇಳಿಲ್ಲ. ಒಂದೂ ಸಿಗದ ವರ್ಷವೂ ಕೂತು ಹೇಳಲಿಕ್ಕೆ ಅವನ ಹತ್ತಿರ ಸಾಕಷ್ಟು ಇರುತ್ತಿತ್ತು. ಯಾವ ಹಳ್ಳದ ದಂಡೆ ಕುಸಿದಿದೆ, ಯಾರು ಬಾವಿಗೆ ಕಟ್ಟೆ ಕಟ್ಟದೆ ಬಿಟ್ಟಿದ್ದಾರೆ, ತೋಳ ಎಲ್ಲಿ ಹಾಯ್ದು ಹೋಗಿದೆ.

ಮುಂದಿನ ಚಳಿಗಾಲ ನಾನೂ ಹೋದೆ, ಮೂರು ಕಾಲಿನ ಹೊನ್ನಿಯನ್ನು ಕರೆದುಕೊಂಡು. ಮನೆಯಲ್ಲಿ ಕಟ್ಟಿದರೆ ಊಟ ಬಿಡುತ್ತಿತ್ತು, ಅದಕ್ಕೆ. ಅದರ ಹೆಜ್ಜೆಗೆ ನನ್ನ ಹೆಜ್ಜೆ. ನಿಜ ಹೇಳುತ್ತೇನೆ, ಅಷ್ಟು ವರ್ಷ ಬೇಟೆಯಾಡಿದವನಿಗೆ ಮೊಲ ಹಗಲು ಎಲ್ಲಿ ಕೂರುತ್ತದೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಬುಡದಲ್ಲಿ ತನ್ನ ಮೈ ಅಳತೆಯ ಒಂದು ತಗ್ಗು ಮಾಡಿಕೊಂಡು, ಕಿವಿ ಬೆನ್ನಿಗೆ ಅಂಟಿಸಿ ಕೂರುತ್ತದೆ. ಅದು ಎದ್ದು ಹೋದ ಮೇಲೆ ಕೈಯಿಟ್ಟರೆ ಮಣ್ಣು ಬೆಚ್ಚಗಿರುತ್ತದೆ. ಮರಿಗಳು ಹುಟ್ಟುವಾಗಲೇ ಮೈತುಂಬಾ ಕೂದಲು, ಕಣ್ಣು ತೆರೆದೇ ಇರುತ್ತವೆ. ಬಯಲಲ್ಲಿ ಹುಟ್ಟುವ ಜೀವ, ಕಣ್ಣು ಮುಚ್ಚಿಕೊಂಡು ಹುಟ್ಟಿದರೆ ಹೇಗೆ?

ಅದೇ ವರ್ಷ ಯಡಹಳ್ಳಿ ಮಡ್ಡಿಯ ಕಡೆ ಜಿಂಕೆಯಂಥ ಪ್ರಾಣಿ ಚಿಂಕಾರ ಕಂಡಿತು. ಮುಧೋಳ, ಬೀಳಗಿ ತಾಲೂಕಿನ ನಡುವಿನ ಆ ಕಲ್ಲುಗುಡ್ಡ ಈಗ ಸುಮಾರು 96 ಚದರ ಕಿಲೋಮೀಟರಿನ ಚಿಂಕಾರ ವನ್ಯಧಾಮ, ಆಗ ಇನ್ನೂ ಆಗಿರಲಿಲ್ಲ. ಮೂರು ಚಿಂಕಾರ, ಕರಿ ಬಾಲ ಪಟಪಟ ಆಡಿಸುತ್ತಾ ನಿಂತಿದ್ದವು. ನಾವು ಅಷ್ಟು ದೂರದಲ್ಲೇ ಕೂತೆವು. ಹುಡುಗನಾಗಿದ್ದಾಗಿನಿಂದ ಆ ಮಡ್ಡಿಯಲ್ಲಿ ಓಡಾಡಿದ್ದೇನೆ. ಆದರೆ ನಾಲ್ಕು ನಾಯಿ, ಆರು ಹುಡುಗರು ಕೂಗುತ್ತಾ ಬರುವಾಗ ಯಾವ ಚಿಂಕಾರ ನಿಲ್ಲುತ್ತದೆ?

ಗೋಡೆಯ ಮೇಲಿನ ಹನ್ನೊಂದು ಗೆರೆಗಳಿಗೆ ಆ ಯುಗಾದಿಗೇ ಅವ್ವ ಸುಣ್ಣ ಬಳಿದಿದ್ದಳು. ಅವಳಿಗೆ ಅದು ಏನಂತ ಗೊತ್ತಿರಲಿಲ್ಲ, ಗೋಡೆ ಹೊಲಸಾಗಿದೆ ಅಂತ ಬಳಿದದ್ದು. ನಾನು ಮತ್ತೆ ಬರೆಯಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ಮೊಲ ಕಡಿಮೆಯೇ, ಐದು ಸರಿಯೇ ಅಂತ ನಾನು ಹೇಳುವುದಿಲ್ಲ. ಸೊನ್ನೆ ಆಗಬೇಕು. ನೀವು "ಬಹಳ ಸಲ ಬರೀ ಬೆನ್ನು ಹತ್ತಿಸೋದಷ್ಟೇ, ಸಿಗೋದಿಲ್ಲ, ಅದು ಬೇಟೆ ಅನ್ನಿಸೋದಿಲ್ಲ" ಅಂತ ಬರೆದಿದ್ದೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಅಂದರೆ ಏನು ಅಂತ ಬಿಡಿಸಿ ಹೇಳುತ್ತದೆ. ಕೊಲ್ಲುವುದು, ಹಿಡಿಯುವುದು, ಬಲೆ ಹಾಕುವುದರ ಜೊತೆಗೆ ನಾಯಿ ಬಿಟ್ಟು ಅಟ್ಟಿಸುವುದೂ ಅದರಲ್ಲಿ ಸೇರಿದೆ, ಪ್ರಯತ್ನ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಮೊಲ ತಪ್ಪಿಸಿಕೊಂಡಿತು ಅಂದಮಾತ್ರಕ್ಕೆ ನೀವು ತಪ್ಪಿಸಿಕೊಂಡಂತಲ್ಲ. ನಾನು ಆಡುತ್ತಿದ್ದಾಗಲೂ ಕಾಯ್ದೆ ಇದೇ ಇತ್ತು. ಗೊತ್ತಿರಲಿಲ್ಲ ಅಂತ ಸುಳ್ಳು ಹೇಳಲಾರೆ, ಗೊತ್ತಿತ್ತು, ಲೆಕ್ಕಿಸಲಿಲ್ಲ.

ಇಲ್ಲಿ ಕೆಲವರು ಹಲಗಲಿಯ ಮಾತು ತೆಗೆಯುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಿ ಅಂದದ್ದಕ್ಕೆ ಬ್ರಿಟಿಷರ ಎದುರು ನಿಂತ ಬೇಡರ ನಾಡು ನಮ್ಮದು, ಬೇಟೆ ನಮ್ಮ ರಕ್ತದಲ್ಲಿದೆ ಅಂತ. ಹಲಗಲಿಯವರು ಜೀವ ಕೊಟ್ಟದ್ದು ನಮ್ಮ ರವಿವಾರದ ಶೋಕಿಗಾಗಿ ಅಲ್ಲ. ಅವರ ಹೆಸರನ್ನು ಇದಕ್ಕೆ ಎಳೆಯುವುದು ನನಗೆ ಸೇರುವುದಿಲ್ಲ.

ಹಾಗಾದರೆ ನಾಯಿಯನ್ನು ಕಟ್ಟಿಯೇ ಹಾಕಬೇಕೇ? ಖಂಡಿತ ಬೇಡ, ಕಟ್ಟಿಹಾಕಿದ ಬ್ಯಾಟಿ ನಾಯಿ ಮನೆಗೆ ಶಾಪ. ಅದು ಓಡಲೇಬೇಕು. ನಾನು ಈಗ ಮಾಡುವುದು ಇಷ್ಟು. ಪರಿಚಯದವರ ಹೊಲ, ಕೇಳಿ ಹೋಗುತ್ತೇನೆ. ಮೊದಲು ನಾನೊಬ್ಬನೇ ಸುತ್ತು ಹಾಕುತ್ತೇನೆ: ತಂತಿ, ಹನಿ ನೀರಾವರಿ ಪೈಪು, ಕಟ್ಟೆಯಿಲ್ಲದ ಬಾವಿ, ಕತ್ತರಿಸಿದ ತೊಗರಿ ಕಟ್ಟಿಗೆಯ ಚೂಪು. ನಮ್ಮ ಕಡೆ ಕಾಲುವೆ ನೀರು, ಬೋರು ಬಂದ ಮೇಲೆ ಹೊಲದ ಮುಖ ವರ್ಷಕ್ಕೊಮ್ಮೆ ಬದಲಾಗುತ್ತದೆ, ಇವತ್ತು ಜೋಳ, ನಾಳೆ ಕಬ್ಬು, ನಾಡಿದ್ದು ತೋಟ. ಆಮೇಲೆ ಉದ್ದ ಹಗ್ಗಕ್ಕೆ ಹಳೆಯ ಚೀಲದ ತುಂಡು ಕಟ್ಟಿ ತಮ್ಮನ ಮಗ ಗಾಡಿಯ ಮೇಲೆ ಎಳೆದುಕೊಂಡು ಹೋಗುತ್ತಾನೆ, ನಾಯಿ ಅದರ ಹಿಂದೆ. ಎರಡು ಓಟ, ಹೆಚ್ಚೆಂದರೆ ಮೂರು. ಬಿಸಿಲೇರುವ ಮುಂಚೆ, ಹೊಟ್ಟೆ ಖಾಲಿ ಇದ್ದಾಗ. ಚೀಲದ ತುಂಡಿಗೂ ಮೊಲಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ ಅಂತ ನನ್ನ ಸೋದರಮಾವ ನಗುತ್ತಾನೆ. ಗೊತ್ತಾಗುತ್ತದೆ, ಆದರೂ ಓಡುತ್ತದೆ. ಊಟ, ಲಸಿಕೆ, ತಳಿಯ ವಿಷಯಕ್ಕೆ ನನ್ನಂಥವರನ್ನು ಕೇಳಬೇಡಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಕೇಳಿ.

ಉಳಿದ ದಿನ ಹಗ್ಗ ಕೈಯಲ್ಲಿ ಹಿಡಿದು ನಡಿಗೆ. ಈ ಸಲ ಜನವರಿಯಲ್ಲಿ, ಕಡಲೆ ಹೊಲದ ಅಂಚಿಗೆ, ಹೊನ್ನಿಯ ಮೊಮ್ಮಗಳು ಥಟ್ಟನೆ ನಿಂತಳು. ನಾಲ್ಕು ಮಾರು ದೂರದಲ್ಲಿ ಮೊಲ ಎದ್ದಿತು. ಹಗ್ಗ ಅಂಗೈ ಕೊಯ್ದುಕೊಂಡು ಹೋಯಿತು, ಬಿಡಲಿಲ್ಲ. ಮೊಲ ಒಡ್ಡು ಏರಿ, ಒಂದು ಸಲ ನಿಂತು, ಆಚೆ ಇಳಿಯಿತು. ಎಲ್ಲಿ ಇಳಿಯಿತೋ ಅಲ್ಲಿಗೆ ಹೋಗಿ ನೋಡಿದೆವು, ಹೊಸದಾಗಿ ತಂತಿ ಹಾಕಿದ್ದರು.

ನಿಮ್ಮ ನಾಯಿಯ ವಯಸ್ಸು ನೀವು ಬರೆದಿಲ್ಲ, ಹೆಸರೂ ಬರೆದಿಲ್ಲ. ಒಂದೂವರೆ ವರ್ಷ ತುಂಬಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಜೋರು ಓಡಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಎಲುಬು ಇನ್ನೂ ಬಲಿತಿರುವುದಿಲ್ಲ. ವಯಸ್ಸು ತಿಳಿಸಿದರೆ ಹಗ್ಗ ಎಷ್ಟು ಉದ್ದ ಇರಬೇಕು, ಯಾವುದು ಅಂಗೈ ಕೊಯ್ಯುವುದಿಲ್ಲ ಅಂತ ಹೇಳುತ್ತೇನೆ.