ನಿವೃತ್ತರಾದ ಗಂಡ ಹೆಂಡತಿಗೆ ಟ್ರೇಲರ್ ಮೇಲೆ ಒಯ್ಯುವಂಥ ಹಾಯಿದೋಣಿ ಯಾವುದು ಒಳ್ಳೆಯದು?

ಮಿಷಿಗನ್‌ನಲ್ಲಿದ್ದೀರಿ, ಇಬ್ಬರಿಗೂ 65 ದಾಟಿದೆ, ದೋಣಿಯನ್ನು ಕಾರಿಗೆ ಕಟ್ಟಿಕೊಂಡು ಸರೋವರ ಸುತ್ತಬೇಕು ಅಂದಿದ್ದೀರಿ. ಹಾಗಾದರೆ ಉದ್ದ, ವೇಗ ಆಮೇಲೆ. ಹಾಯಿಕಂಬವನ್ನು ನೀವಿಬ್ಬರೇ ಎತ್ತಿ ನಿಲ್ಲಿಸಬಲ್ಲಿರಾ, ಅದನ್ನು ಮೊದಲು ನೋಡಿ. ಅದು ಕಷ್ಟವಾದರೆ ದೋಣಿ ಮನೆಯ ಮುಂದೆ ಸುಮ್ನೆ ನಿಂತುಬಿಡುತ್ತದೆ.

ನನ್ನ ಆಯ್ಕೆ ಕಾಮ್‌ಪ್ಯಾಕ್ ಸನ್ ಕ್ಯಾಟ್. 17 ಅಡಿ, ಸುಮಾರು 680 ಕಿಲೋ. ಇರೋದು ಒಂದೇ ಹಾಯಿ. ಕಂಬಕ್ಕೆ ಬುಡದ ಹತ್ತಿರ ಕೀಲು ಇದೆ, ಮಡಚಿ ಮಲಗಿಸಬಹುದು. ಸೊಂಟ ನೋವಿರುವವರಿಗೆ ಇದು ದೊಡ್ಡ ಅನುಕೂಲ. ಒಳಗೆ ಇಬ್ಬರು ಮಲಗಬಹುದು, ನಿಲ್ಲೋಕೆ ಮಾತ್ರ ಆಗಲ್ಲ.

ಜಾಸ್ತಿ ಜಾಗ ಬೇಕಾದರೆ ಕ್ಯಾಟಲಿನಾ 22. ಹಳೆಯವು ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ದೋಣಿಯೇ ಒಂದು ಟನ್, ಟ್ರೇಲರ್, ಮೋಟರ್ ಸೇರಿದರೆ ಒಂದೂವರೆ ಟನ್ ಆಗುತ್ತದೆ. ಚಿಕ್ಕ ಕಾರು ಎಳೆಯಲ್ಲ. ಇನ್ನೊಂದು ಮಾತು. ಇದರ ತಳದಲ್ಲಿ ಮೇಲೆತ್ತುವಂಥ ಕೀಲ್ (ದೋಣಿ ಮಗುಚದಂತೆ ನೀರೊಳಗೆ ಇಳಿಬಿಡುವ ಭಾರದ ಹಲಗೆ) ಇದ್ದರೆ, ಸುಮಾರು 250 ಕಿಲೋದ ಆ ಕಬ್ಬಿಣ ಒಂದು ತಂತಿಹಗ್ಗದ ಮೇಲೆ ತೂಗುತ್ತಿರುತ್ತದೆ. ಕೊಳ್ಳುವ ಮುಂಚೆ ಹಗ್ಗದ ಎಳೆ ಬಿಚ್ಚಿದೆಯಾ, ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಯಾವುದೇ ದೋಣಿ ಆಗಲಿ, ಮಾರುವವರ ಎದುರೇ ನೀವಿಬ್ಬರೂ ಕಂಬ ಎತ್ತಿ, ಇಳಿಸಿ ನೋಡಿ. ಎತ್ತುವಾಗ ತಲೆ ಮೇಲೆ ಕರೆಂಟ್ ತಂತಿ ಇಲ್ಲ ತಾನೇ ಅಂತ ಪ್ರತಿಸಲವೂ ನೋಡಿ. ಅಲ್ಯೂಮಿನಿಯಂ ಕಂಬ ತಾಗಿದರೆ ಜೀವಕ್ಕೇ ಅಪಾಯ.