ಗುರು ಚುಕ್ಕಿಯಷ್ಟು, ದೇವಯಾನಿ ಚೌಕಟ್ಟಿನಾಚೆ

ಪ್ರಶ್ನೆ: ನನ್ನದು 8 ಇಂಚು ಕನ್ನಡಿಯ ನ್ಯೂಟೋನಿಯನ್ ದೂರದರ್ಶಕ, ಸಂಗಮ ದೂರ (ಫೋಕಲ್ ಲೆಂತ್) 1000 ಮಿ.ಮೀ. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್. ಗುರು ಚುಕ್ಕಿಯಷ್ಟೇ ಬರುತ್ತದೆ, ದೇವಯಾನಿ ಗೆಲಾಕ್ಸಿ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. 45 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಕೊಳ್ಳಲೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಸೆನ್ಸರ್ ಮೇಲೆ ಬಿಂಬ ಎಷ್ಟು ದೊಡ್ಡದಾಗಿ ಬೀಳಬೇಕೆಂದು ತೀರ್ಮಾನಿಸುವುದು ಸಂಗಮ ದೂರ ಒಂದೇ. 1000 ಮಿ.ಮೀ.ಗೆ ಚಂದ್ರಬಿಂಬ ಸುಮಾರು 9 ಮಿ.ಮೀ.; ಯಾವ ಕ್ಯಾಮೆರಾ ಹಚ್ಚಿದರೂ ಅಷ್ಟೇ. ಅದನ್ನು ಎಷ್ಟು ಪಿಕ್ಸೆಲ್‌ಗಳಾಗಿ ಹೆಚ್ಚುತ್ತೀರಿ ಎಂಬುದು ಮಾತ್ರ ಕ್ಯಾಮೆರಾದ ಪಾಲು.

ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಸಂಗಮ ದೂರದಿಂದ ಭಾಗಿಸಿ. ನಿಮ್ಮ ಬಗೆಯ ಕ್ಯಾಮೆರಾದ ಪಿಕ್ಸೆಲ್ ಸುಮಾರು 3.72 ಮೈಕ್ರಾನ್. ಅಂದರೆ ಒಂದೊಂದು ಪಿಕ್ಸೆಲ್‌ಗೆ ಆಕಾಶದ 0.77 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ಗುರು ನಮಗೆ ಹತ್ತಿರ ಬಂದಾಗಲೂ 45ರಿಂದ 50 ಆರ್ಕ್‌ಸೆಕೆಂಡ್. ಸಿಗುವುದು 60 ಪಿಕ್ಸೆಲ್ ಆಸುಪಾಸು. 45 ಮೆಗಾಪಿಕ್ಸೆಲ್ ಫುಲ್‌ಫ್ರೇಮ್‌ನ ಪಿಕ್ಸೆಲ್ ಸುಮಾರು 4.4 ಮೈಕ್ರಾನ್. ಅದರಲ್ಲಿ ಗುರು ಇನ್ನೂ ಕಿರಿದಾಗುತ್ತದೆ!

ಗ್ರಹಗಳಿಗೆ 2.9 ಮೈಕ್ರಾನ್‌ನ ಪುಟ್ಟ ವಿಡಿಯೊ ಕ್ಯಾಮೆರಾ ಮತ್ತು 3ಎಕ್ಸ್ ಬಾರ್ಲೋ (ಸಂಗಮ ದೂರವನ್ನು ಮೂರು ಪಟ್ಟು ಮಾಡುವ ಲೆನ್ಸ್) ಸಾಕು. ಎಫ್-ಸಂಖ್ಯೆ (ಸಂಗಮ ದೂರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದ್ದು) ಮೈಕ್ರಾನ್‌ನಲ್ಲಿನ ಪಿಕ್ಸೆಲ್ ಗಾತ್ರದ ಐದು ಪಟ್ಟು ಇರಲಿ. ನಿಮ್ಮದು ಎಫ್/15ಕ್ಕೆ ಬಂದು, ಗುರು 230 ಪಿಕ್ಸೆಲ್ ದಾಟುತ್ತದೆ. ಇದಕ್ಕೂ ಮೇಲೆ ಎಳೆದರೆ ಮಸುಕು ದೊಡ್ಡದಾಗುತ್ತದೆಯೇ ಹೊರತು ವಿವರವಲ್ಲ. ಬಾರ್ಲೋದಿಂದ ಸೆನ್ಸರ್ ದೂರವಾದಷ್ಟೂ ಅದರ ಪಟ್ಟು ಹೆಚ್ಚುತ್ತದೆ, ಪೆಟ್ಟಿಗೆ ಮೇಲಿನ ಅಂಕಿ ನಂಬಬೇಡಿ, ನಕ್ಷತ್ರ ಹಿಡಿದು ನೀವೇ ಅಳೆಯಿರಿ. ಸಪ್ತರ್ಷಿ ಮಂಡಲದ ವಸಿಷ್ಠ ತಾನೇ ಜೋಡಿ ನಕ್ಷತ್ರ. ನಡುವಿನ ಅಂತರ 14.4 ಆರ್ಕ್‌ಸೆಕೆಂಡ್. ಅದನ್ನು ಚಿತ್ರದಲ್ಲಿನ ಪಿಕ್ಸೆಲ್ ಅಂತರದಿಂದ ಭಾಗಿಸಿದರೆ ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ ಎಂಬ ನಿಜವಾದ ಅಳತೆ ಸಿಗುತ್ತದೆ. ಬಾರ್ಲೋ ಇಲ್ಲದಾಗ ವಸಿಷ್ಠ–ಅರುಂಧತಿಯರನ್ನೇ ಹಿಡಿಯಿರಿ: ಸುಮಾರು 709 ಆರ್ಕ್‌ಸೆಕೆಂಡ್, ನಿಮ್ಮ ಡಿಎಸ್‌ಎಲ್‌ಆರ್‌ನಲ್ಲಿ 920 ಪಿಕ್ಸೆಲ್ ಚಿಲ್ಲರೆ.

ದೇವಯಾನಿ 3 ಡಿಗ್ರಿ ಉದ್ದ, ನಿಮ್ಮ ಚೌಕಟ್ಟು 1.3 ಡಿಗ್ರಿ. ಅದಕ್ಕೆ 400 ಮಿ.ಮೀ. ಒಳಗಿನ ಲೆನ್ಸ್ ಅಥವಾ ಸಣ್ಣ ರಿಫ್ರಾಕ್ಟರ್ (ಲೆನ್ಸ್ ದೂರದರ್ಶಕ) ಬೇಕು. ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಅದು ಉತ್ತರಕ್ಕೆ ಎತ್ತರದಲ್ಲಿರುತ್ತದೆ.

ಪ್ರಶ್ನೆ: 2032 ಮಿ.ಮೀ. ಸಂಗಮ ದೂರದ ಶ್ಮಿಟ್–ಕ್ಯಾಸಗ್ರೇನ್ ದೂರದರ್ಶಕಕ್ಕೆ ಅದೇ 2.9 ಮೈಕ್ರಾನ್ ಕ್ಯಾಮೆರಾ ಹಾಕಿ ನೀಹಾರಿಕೆ ತೆಗೆದರೆ ನಕ್ಷತ್ರಗಳು ಊದಿಕೊಂಡು, ಚಿತ್ರ ಮಂಕಾಗುತ್ತದೆ. ಏಕೆ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ನಿಮ್ಮ ಅಳತೆ ಪಿಕ್ಸೆಲ್‌ಗೆ 0.29 ಆರ್ಕ್‌ಸೆಕೆಂಡ್. ಗಾಳಿಯ ನಡುಕ ದೀರ್ಘ ಎಕ್ಸ್‌ಪೋಶರ್‌ನಲ್ಲಿ ನಕ್ಷತ್ರವನ್ನು 2–3 ಆರ್ಕ್‌ಸೆಕೆಂಡ್‌ಗೆ ಹರಡಿರುತ್ತದೆ, ಅಂದರೆ ಒಂದೊಂದು ನಕ್ಷತ್ರವೂ ಏಳರಿಂದ ಹತ್ತು ಪಿಕ್ಸೆಲ್ ಅಗಲ. ಇದ್ದಷ್ಟೇ ಬೆಳಕು ಅಷ್ಟೂ ಪಿಕ್ಸೆಲ್‌ಗೆ ಹಂಚಿಹೋಗಿ ಚಿತ್ರದ ಕಾಳುಕಾಳು ಗದ್ದಲದಲ್ಲಿ (ನಾಯ್ಸ್) ಮುಳುಗುತ್ತದೆ. ಸಂಗಮ ದೂರವನ್ನು 0.63 ಪಟ್ಟಿಗೆ ಇಳಿಸುವ ರೆಡ್ಯೂಸರ್ ಲೆನ್ಸ್ ಹಾಕಿ (ಸೆನ್ಸರ್‌ವರೆಗೆ ಸಾಮಾನ್ಯವಾಗಿ 105 ಮಿ.ಮೀ. ಅಂತರ ಬೇಕು), 2×2 ಬಿನ್ ಮಾಡಿ (ನಾಲ್ಕು ಪಿಕ್ಸೆಲ್ ಕೂಡಿಸಿ ಒಂದಾಗಿಸಿ); ಅಳತೆ 0.93ಕ್ಕೆ ಬರುತ್ತದೆ. ಬಿಸಿಲಿಗೆ ಕಾದ ಮಾಳಿಗೆ ನಡುರಾತ್ರಿಯವರೆಗೂ ಝಳ ಬಿಡುತ್ತದೆ. ಸಾಧ್ಯವಾದರೆ ದೂರದರ್ಶಕವನ್ನು ಊರಾಚೆಯ ಎರೆ ಹೊಲಕ್ಕೆ ಒಯ್ದು, ಒಂದು ತಾಸು ಆರಲು ಬಿಟ್ಟು ಶುರುಮಾಡಿ.